ನೂರಾ ತೊಂಬತ್ತೈದು

ಕಾರಂಜಾ ಹಿನ್ನೀರು. ಶ್ರಾವಣದ ಎರಡನೇ ರವಿವಾರ.
ಓಟಕ್ಕೆ ಇನ್ನು ಹನ್ನೆರಡು ನಿಮಿಷ.
ಮೋಟಾರು ದೋಣಿಯಿಂದ ಮಾಣಿಕಪ್ಪ ಮಾಸ್ತರು ಕೂಗಿದರು:
"ಜಗದೇವಿ, ಹಾಯಿಗಿ ಕೇಳಬ್ಯಾಡ, ಅದು ಹೌದಪ್ಪನ ಮಗಳು.
ಡಬ್ಬಿಗಿ ಕೇಳು."

ಡಬ್ಬಿ ಅಂದರೆ ದಿಕ್ಸೂಚಿ.
ಹಾಯಿಕಂಬದ ಬುಡಕ್ಕೆ ತಿರುಪು ಬಿಗಿದು ಕೂರಿಸಿದ್ದು;
ಎಣ್ಣೆಯಲ್ಲಿ ತೇಲುವ ಕರಿಬಿಲ್ಲೆ, ಮೇಲೆ ಬಿಳಿ ಅಂಕಿ.
ನಮ್ಮ ಓಣಿಯ ಬಿದರಿ ಕೆಲಸದ ಹಸನ್ ಚಾಚಾ ಇದನ್ನು ತಿರುಗಿಸಿ ನೋಡಿ,
"ಬೆಳ್ಳಿ ಹಾಕಬೇಕಿತ್ತು" ಅಂದಿದ್ದ, ಅಷ್ಟೇ.

ಗಾಳಿಗೆ ಆದಷ್ಟು ಮುಖ ಕೊಟ್ಟು
ಬಲಗಾಳಿಯಲ್ಲಿ ಹೋದೆ: ಇನ್ನೂರಾ ಏಳು.
ಹೊಳ್ಳಿ ಎಡಗಾಳಿ: ಇನ್ನೂರಾ ಎಂಬತ್ತೈದು.
ಎರಡರ ನಡುವೆ ತೊಂಬತ್ತು ಇರಬೇಕು.
ಎಪ್ಪತ್ತೆಂಟು.
"ಕಬ್ಬಿಣ ಎಲ್ಲ್ಯದ?" ಮಾಸ್ತರ ದನಿ ಸಣ್ಣದಾಯಿತು,
ಅದು ಸಿಟ್ಟಿನ ಲಕ್ಷಣ.

ಎತ್ತಿನ ಲಾಳ. ಸವೆದದ್ದು.
ದೃಷ್ಟಿಯಾಗಬಾರದೆಂದು ಅವ್ವ ನಸುಕಿಗೇ ಬಂದು
ಕಂಬದ ಬುಡಕ್ಕೆ ಕರಿದಾರದಲ್ಲಿ ಕಟ್ಟಿಹೋಗಿದ್ದಳು,
ಡಬ್ಬಿಯಿಂದ ನಾಲ್ಕೇ ಬೆರಳು ಆಚೆ.
ಹಲ್ಲಿನಿಂದ ದಾರ ಕಡಿದೆ.
ಮಾಸ್ತರ ಕೈಗೆ ಎಸೆದೆ: "ಅವ್ವಗ ಹೇಳಬ್ಯಾಡ್ರಿ."

ಮತ್ತೆ ಅಳೆದೆ.
ನೂರಾ ತೊಂಬತ್ತೈದು. ಇನ್ನೂರಾ ಎಂಬತ್ತೈದು.
ಮೇಣದ ಪೆನ್ಸಿಲಿನಿಂದ ದೋಣಿಯ ಮೈಮೇಲೆ ಬರೆದೆ,
ಅಡತ್ತಿಯವನು ಚೀಲದ ಮೇಲೆ ತೂಕ ಬರೆಯುವಂತೆ.

ಸೀಟಿ.
ಹೈದರಾಬಾದಿನ ಹುಡುಗರು ಮೊದಲೇ ಮುಂದೆ,
ಅವರ ಹಾಯಿ ಇಸ್ತ್ರಿ ಹೊಡೆದಂತೆ.
ಎಲ್ಲರೂ ಬಲಗಾಳಿ, ನಾನೂ. ಸಣ್ಣ ಜಿಟಿಮಳೆ
ದಂಡೆಯ ಕೆಂಪು ಕಲ್ಲನ್ನು, ತೊಗರಿಯ ಹಸಿರನ್ನು ಒರೆಸಿಹಾಕಿತು.
ಕಣ್ಣಿಗೆ ಆಸರೆಯಿಲ್ಲ. ಆದರೆ ಎಂಥ ಸುಖ!
ಹಾಯಿ ತುಂಬಿದೆ, ನೀರು ಕುಲುಕುಲು ಎನ್ನುತ್ತಿದೆ,
ಯಾರಿಗೂ ಏನೂ ತಪ್ಪಿದಂತೆ ಅನಿಸುತ್ತಿಲ್ಲ.

ನೂರಾ ತೊಂಬತ್ತೊಂದು.
ಗಾಳಿ ಎಡಕ್ಕೆ ಸರಿಯುತ್ತ ನಮ್ಮನ್ನು ಮೆತ್ತಗೆ
ಮೂಗುದಾರ ಹಿಡಿದು ಬಾಗಿಸುತ್ತಿದೆ.
ನಾವೋ, ನೆಟ್ಟಗೆ ಹೊರಟಿದ್ದೇವೆಂದು ಎದೆಯುಬ್ಬಿಸಿದ್ದೇವೆ.
ನೂರಾ ಎಂಬತ್ತೆಂಟು.
ಮಾಸ್ತರ ಮಾತು: "ಐದಕ್ಕ ಸುಮ್ಮನಿರು, ಹತ್ತಕ್ಕ ಹೊಳ್ಳು."
ನೂರಾ ಎಂಬತ್ತಾರು. ಯಾರೂ ಹೊಳ್ಳುತ್ತಿಲ್ಲ.
ಹೊಳ್ಳಿದವಳು ತಪ್ಪಿದರೆ ಒಬ್ಬಳೇ ತಪ್ಪಿದಂತೆ,
ಎಲ್ಲರೊಡನೆ ತಪ್ಪಿದರೆ ಅದಕ್ಕೆ ಹೆಸರೇ ಇಲ್ಲ.

ನೂರಾ ಎಂಬತ್ನಾಲ್ಕು.
ಚುಕ್ಕಾಣಿ ದೂಡಿದೆ.
ಹಾಯಿ ತಲೆಯ ಮೇಲಿಂದ ದಾಟಿತು, ಪಟಾರನೆ,
ಆಮೇಲೆ ಹಿಂದಿನ ದೋಣಿಯವನ ನಗು,
ಆಮೇಲೆ ಬರೀ ನೀರು.

ಎಡಗಾಳಿಯಲ್ಲಿ ಲೆಕ್ಕ ತಿರುವುಮುರುವು:
ಅಲ್ಲಿ ಅಂಕಿ ಇಳಿದರೆ ನಷ್ಟ, ಇಲ್ಲಿ ಏರಿದರೆ.
ಇನ್ನೂರಾ ಎಪ್ಪತ್ನಾಲ್ಕು. ಲಾಭ. ಬಾಯಿಬಿಟ್ಟು ಹೇಳಿದೆ,
ಕೇಳಲು ಒಂದು ನೀರುಕಾಗೆ ಮಾತ್ರ ಇತ್ತು.
ಅದು ಮುಳುಗಿತು.

ಮಳೆಯ ಪರದೆಯೊಳಗಿಂದ ಕಿತ್ತಳೆ ಬುರುಡೆ
ಒಮ್ಮೆಲೇ ಮೂಗಿನ ಮುಂದೆ.
ಸುತ್ತು ಹಾಕುವಾಗ ಹಿಂದೆ ನೋಡಿದೆ:
ಇಸ್ತ್ರಿಯ ಹಾಯಿಗಳೆಲ್ಲ ಬೆರಳಷ್ಟು.

ಇಷ್ಟಕ್ಕೆ ನಿಲ್ಲಿಸಿದರೆ ಚೆನ್ನಾಗಿರುತ್ತಿತ್ತು.
ಆದರೆ ಮರಳುವಾಗ ಗಾಳಿ ಬೆನ್ನಿಗೆ,
ಆ ಓಟ ಬೇರೆ, ಆ ಹುಡುಗರ ಮೈಯೇ ಅದಕ್ಕೆ ಪಳಗಿದೆ.
ಒಬ್ಬ ದಾಟಿದ. ಇನ್ನಿಬ್ಬರು.
ನಾಲ್ಕನೆಯವಳಾಗಿ ಬಂದೆ.

ಮಾಸ್ತರು ಸ್ಥಾನ ಕೇಳಲಿಲ್ಲ. "ಎಷ್ಟಕ್ಕ ಹೊಳ್ಳಿದಿ?"
"ನೂರಾ ಎಂಬತ್ನಾಲ್ಕು."
ಒದ್ದೆ ನೋಟುಬುಕ್ಕಿನಲ್ಲಿ ಬರೆದುಕೊಂಡರು.
ಆಮೇಲೆ ಕಿಸೆಯಿಂದ ಲಾಳ ತೆಗೆದು ಕೊಟ್ಟರು.

ಬೀದರಿನ ಬಸ್ಸಿನಲ್ಲಿ ಅವ್ವ ನನ್ನ ಜಡೆಯ ನೀರು ಹಿಂಡುತ್ತ,
"ಲಾಳ ಕಟ್ಟಿದ್ದಕ್ಕ ನೋಡವ್ವ, ಮುಳುಗಲಿಲ್ಲ" ಅಂದಳು.
ಹೂಂ ಅಂದೆ.
ಕಿಸೆಯಲ್ಲಿ ಅದು ಬೆಚ್ಚಗಿತ್ತು.
ಈಗಲೂ ಅವ್ವ ಏನಾದರೂ ಹೇಳಿದರೆ
ಹನ್ನೆರಡು ಕಳೆದು ಕೇಳಿಸಿಕೊಳ್ಳುತ್ತೇನೆ.
ಅದು ಎಷ್ಟು ಎಳೆಯುತ್ತದೆ, ಯಾವ ಕಡೆಗೆ,
ನನಗೆ ಗೊತ್ತಿದೆ.